ಗೆದ್ದವನ ನೆನಪು, ಬಿದ್ದವನ ಮನೆ



ಕಕ್ಕಬೆಯಿಂದ ನಾಲ್ಕುನಾಡು ಅರಮನೆಯ ಕಡೆಗೆ ಏರುವ ರಸ್ತೆಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ದೊಡ್ಡ ವೀರರಾಜೇಂದ್ರನ ಅರಮನೆಯನ್ನು ನೋಡಲು, ಇಲ್ಲವೇ ತಡಿಯಂಡಮೋಳ್ ಬೆಟ್ಟವನ್ನು ಹತ್ತಲು ಬರುವವರಿಗೆ ಅದೊಂದು ಚೆಲುವಾದ ದಾರಿ. ಎಂಬತ್ತರ ದಶಕದಲ್ಲಿ ಅಲ್ಲಿ ಬೆಳೆದ ನಮ್ಮಂಥ ಹುಡುಗರಿಗಾದರೋ ಅದು ಯೆಜ್ದಿ ಬೈಕಿನ ಸದ್ದು ಇಳಿದುಬರುವ ದಾರಿಯಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಆ ಗಾಡಿಗೆ ಒಂದು ವಿಶೇಷವಿತ್ತು. ಒದ್ದು ಎಂಜಿನ್ ಎಬ್ಬಿಸುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರ್ ಬದಲಿಸುವ ಸನ್ನೆಯಾಗುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಕಾಫಿ ತೋಟಗಳ ಕೊಟ್ಟಿಗೆಗಳಲ್ಲಿ ಉಳಿದುಕೊಂಡವು.

ಕಳೆದ ಮಳೆಗಾಲ ಮುಗಿದ ಮೇಲೆ ಪರಿಚಿತರೊಬ್ಬರು ಅಂಥದೊಂದು ಗಾಡಿಯನ್ನು ರಿಪೇರಿ ಮಾಡಿಸಿ ಪೇಟೆಗೆ ತಂದರು. ಚಹಾದ ಅಂಗಡಿಯ ಮುಂದೆ ನಾವು ಏಳೆಂಟು ಜನ ಸೇರಿದೆವು. ಮಾತು ಸಹಜವಾಗಿಯೇ ಒಬ್ಬರ ಕಡೆಗೆ ತಿರುಗಿತು. ಕೊಯ್ಲಾದ ಗದ್ದೆಗಳಲ್ಲಿ ನಡೆಯುತ್ತಿದ್ದ ಬೈಕ್ ಓಟಗಳಲ್ಲಿ ನಮ್ಮೂರಿನ ಆ ಅಣ್ಣನನ್ನು ಮೀರಿಸಿದವರಿರಲಿಲ್ಲ. ಕೆಸರಿನಲ್ಲಿ ಹಿಂದಿನ ಚಕ್ರ ಜಾರಿದರೂ ಅವರ ಹೆಗಲು ಅಲುಗುತ್ತಿರಲಿಲ್ಲ ಎಂದರು ಒಬ್ಬರು. ಅವರಂಥ ಸವಾರ ಮತ್ತೆ ಹುಟ್ಟಲಿಲ್ಲ ಎಂದೆ ನಾನು. ಕೇಳುತ್ತ ನಿಂತಿದ್ದ ಹುಡುಗನೊಬ್ಬ ಮುಗ್ಧವಾಗಿ ಪ್ರಶ್ನಿಸಿದ: "ಅವರು ತೀರಿಕೊಂಡು ಎಷ್ಟು ವರ್ಷವಾಯಿತು?"

ಯಾರೂ ಕೂಡಲೇ ಉತ್ತರಿಸಲಿಲ್ಲ. ಅವರು ಅಲ್ಲಿಂದ ಮೂರು ಕಿಲೋಮೀಟರ್ ದೂರದಲ್ಲಿ, ಅದೇ ರಸ್ತೆಯ ಮೇಲಿನ ಮನೆಯಲ್ಲಿ, ಜೀವಂತವಾಗಿದ್ದಾರೆ.

ಆ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಬದುಕಿರುವ ಮನುಷ್ಯನೊಬ್ಬನನ್ನು ಸತ್ತವನಂತೆ ನೆನೆಯಲು ನಮಗೆ ಹೇಗೆ ಸಾಧ್ಯವಾಗುತ್ತದೆ?

ನಮ್ಮ ಜಾವಾದ ತವರು ಅಂದಿನ ಚೆಕೊಸ್ಲೊವಾಕಿಯಾ. ಅಲ್ಲಿಯ ಇನ್ನೊಂದು ಹೆಸರಾಂತ ಗಾಡಿ ಸಿ.ಝಡ್. ಮಣ್ಣು, ಕೆಸರು, ಏರು ತಗ್ಗುಗಳ ಓಟವಾದ ಮೋಟೋಕ್ರಾಸ್‌ನಲ್ಲಿ 500 ಸಿ.ಸಿ. ವರ್ಗವನ್ನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತಿದ್ದರು. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ ಸಿ.ಝಡ್. ಏರಿ 1966, 1967 ಮತ್ತು 1968ರಲ್ಲಿ ಸತತವಾಗಿ ಆ ವರ್ಗದ ವಿಶ್ವ ಪಟ್ಟವನ್ನು ಗೆದ್ದರು. ಬಳಿಕ ಬೆಲ್ಜಿಯಂನ ರೋಜರ್ ಡಿ ಕೋಸ್ಟರ್ ಐದು ಬಾರಿ ಗೆದ್ದರು. ಎಪ್ಪತ್ತು, ಎಂಬತ್ತರ ದಶಕಗಳನ್ನು ಅಭಿಮಾನಿಗಳು ಈಗಲೂ ಸುವರ್ಣಯುಗವೆನ್ನುತ್ತಾರೆ. ಆ ಗಾಡಿಗಳ ಬಲ ಎಷ್ಟಿತ್ತೆಂದರೆ ಅವುಗಳನ್ನು ಪಳಗಿಸಬಲ್ಲವರು ಕೆಲವರೇ. ಕ್ರಮೇಣ ಕಂಪನಿಗಳು ಅವುಗಳನ್ನು ಕೈಬಿಟ್ಟವು. ಅಮೆರಿಕದಲ್ಲಿ 500 ಸಿ.ಸಿ. ರಾಷ್ಟ್ರೀಯ ಪಂದ್ಯಾವಳಿ 1993ಕ್ಕೆ ಕೊನೆಗೊಂಡಿತು.

ಆ ಪಂದ್ಯಾವಳಿಯನ್ನು 1984ರಲ್ಲೂ 1986ರಲ್ಲೂ ಗೆದ್ದವರು ಡೇವಿಡ್ ಬೇಲಿ. ಗಾಡಿಯ ಮೇಲೆ ಅವರು ಕೂರುವ, ನಿಲ್ಲುವ ಭಂಗಿಯನ್ನೇ ಕಿರಿಯರು ನೋಡಿ ಕಲಿಯುತ್ತಿದ್ದರು. 1986ರ ಆರಂಭದಲ್ಲಿ ಆನಹೈಮ್‌ನಲ್ಲಿ ರಿಕ್ ಜಾನ್ಸನ್ ಜೊತೆ ಅವರು ನಡೆಸಿದ ಪೈಪೋಟಿಯನ್ನು ಅಭಿಮಾನಿಗಳು ಒಂದೊಂದು ತಿರುವನ್ನೂ ಬಿಡದೆ ವರ್ಣಿಸುತ್ತಾರೆ. ಅದೇ ವರ್ಷ ಇಟಲಿಯ ಮಜ್ಜೋರದಲ್ಲಿ, ರಾಷ್ಟ್ರಗಳ ನಡುವಿನ ಪಂದ್ಯದಲ್ಲಿ, ಬೇಲಿ, ಜಾನ್ಸನ್ ಮತ್ತು ಜಾನಿ ಒಮಾರಾ ಸೇರಿ ಅಮೆರಿಕಕ್ಕೆ ಗೆಲುವು ತಂದರು. ಕೆಲವೇ ತಿಂಗಳ ಬಳಿಕ, 1987ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಬೇಲಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗಿನ ದೇಹ ಸ್ವಾಧೀನ ತಪ್ಪಿತು. ಆಗ ಅವರ ವಯಸ್ಸು ಇಪ್ಪತ್ತೈದು.

ಅಭಿಮಾನಿಗಳ ಬಾಯಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. "ಆತ ಬೀಳದೇ ಇದ್ದಿದ್ದರೆ..." ಎಂಬ ನಿಟ್ಟುಸಿರು ಮಾತ್ರ ಉಳಿಯುತ್ತದೆ. ಆದರೆ ಆ ಮನುಷ್ಯನಿಗೆ ಮರುದಿನವೂ ಬೆಳಗಾಯಿತಷ್ಟೆ? ಬೇಲಿ ಗಾಲಿಕುರ್ಚಿಯಲ್ಲಿ ಕುಳಿತೇ ಟಿ.ವಿ.ಯಲ್ಲಿ ಓಟಗಳ ವಿವರಣೆ ನೀಡಿದರು. ಮುಂದೆ ಹವಾಯಿಯ ಕೊನಾದಲ್ಲಿ ನಡೆಯುವ ಐರನ್‌ಮ್ಯಾನ್ ಸ್ಪರ್ಧೆಗೆ ಇಳಿದರು. 3.8 ಕಿಲೋಮೀಟರ್ ಸಮುದ್ರದ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42 ಕಿಲೋಮೀಟರ್ ಓಟ. ಇಷ್ಟನ್ನೂ ಕೈಗಳ ಬಲದಿಂದಲೇ ಮಾಡಬೇಕು. ಮೊದಲು ಸೋತರೂ 2000ದಲ್ಲಿ ತಮ್ಮ ವಿಭಾಗದಲ್ಲಿ ಗೆದ್ದರು.

ಇಲ್ಲಿ ನನ್ನ ತಪ್ಪನ್ನು ನೀವು ಗಮನಿಸಿರಬಹುದು. ಬಿದ್ದವನ ಬಗ್ಗೆ ಬರೆಯಹೊರಟವನು ಮತ್ತೆ ಗೆಲುವಿನ ಬಳಿಗೇ ಬಂದು ನಿಂತಿದ್ದೇನೆ. ಕೊನಾದಲ್ಲಿ ಅವರು ಗೆಲ್ಲದೇ ಹೋಗಿದ್ದರೆ, ಸುಮ್ಮನೆ ಮನೆಯಲ್ಲಿದ್ದುಕೊಂಡು ಔಷಧಿ ನುಂಗಿ ದಿನ ಕಳೆದಿದ್ದರೆ, ನಾನು ಅವರ ಹೆಸರನ್ನು ನಿಮಗೆ ಹೇಳುತ್ತಿದ್ದೆನೇ?

ಅಭಿಮಾನ ಎಂಬ ನಮ್ಮ ಪದವನ್ನೇ ನೋಡಿ. ಇನ್ನೊಬ್ಬರ ಮೇಲಿನ ಪ್ರೀತಿಗೂ ಅದೇ ಮಾತು, ನಾನು ಎಂಬ ಹೆಮ್ಮೆಗೂ ಅದೇ ಮಾತು. ಹಿರಿಯರು ತಿಳಿಯದೆ ಹಾಗೆ ಬಳಸಿರಲಾರರು. ಗದ್ದೆಯ ಬದುವಿನ ಮೇಲೆ ನಿಂತು ಕೂಗಿದ ಹುಡುಗನಿಗೆ ಆ ಸವಾರನ ವೇಗದಲ್ಲಿ ತನ್ನದೇ ವೇಗ ಕಾಣುತ್ತದೆ. ನಲವತ್ತು ವರ್ಷಗಳ ಬಳಿಕ ಅವನು ಆ ಓಟವನ್ನು ವರ್ಣಿಸುವಾಗ ನೆನೆಯುವುದು ಹೆಚ್ಚಾಗಿ ತನ್ನ ಕಳೆದುಹೋದ ಬಾಲ್ಯವನ್ನು. ಇದರಲ್ಲಿ ಪಾಪವೇನಿಲ್ಲ. ಮಣ್ಣಿನ ಈ ದೇಹವೂ ಇಂಥ ಚೆಲುವನ್ನು ತೋರಬಲ್ಲದೆಂದು ಕಂಡವನು ಕೃತಜ್ಞನಾಗಿರುವುದು ಒಳ್ಳೆಯದೇ. ತೊಡಕು ಬೇರೆಡೆ ಇದೆ. ನಮ್ಮ ಸುಂದರ ನೆನಪಿಗೆ ಕುಂಟುವ ಮುದುಕನೊಬ್ಬ ಅಡ್ಡಬರುತ್ತಾನೆ. ಅವನನ್ನು ಕಂಡರೆ ಆ ಹಳೆಯ ಮಧ್ಯಾಹ್ನ ಕೆಡುತ್ತದೆ. ಹಾಗಾಗಿ ನಾವು ಅವನ ಮನೆಯ ಮುಂದಿನಿಂದಲೇ ಹಾದುಹೋಗುತ್ತೇವೆ, ಒಳಗೆ ಹೋಗುವುದಿಲ್ಲ. ನವೆಂಬರ್ ತಿಂಗಳಿನಲ್ಲಿ ಮೃತರ ಸಮಾಧಿಗಳಿಗೆ ತಪ್ಪದೆ ಹೂವಿಡುವ ನಾವು ಬದುಕಿರುವವರ ವಿಷಯದಲ್ಲಿ ಇಷ್ಟು ಸೋಮಾರಿಗಳಾಗಿರುವುದು ವಿಚಿತ್ರ.

ನಮ್ಮೂರಿನ ಅಣ್ಣನಿಗೆ ಎರಡನೆಯ ಗೆಲುವು ಯಾವುದೂ ಬರಲಿಲ್ಲ. ಒಂದು ಓಟದಲ್ಲಿ ಬಿದ್ದು ಸೊಂಟ ಮುರಿಯಿತು. ಮೊದಲ ತಿಂಗಳು ಅವರ ಮನೆಯಲ್ಲಿ ಕೂರಲು ಜಾಗವಿರಲಿಲ್ಲ, ಅಷ್ಟು ಜನ. ಆಮೇಲೆ ಕಾಫಿ ಕೊಯ್ಲು ಬಂತು. ಕರಿಮೆಣಸು ಬಂತು, ಮದುವೆಗಳು ಬಂದವು. ನಾನು ಕೊನೆಯ ಬಾರಿ ಅವರ ಮನೆಯ ಮೆಟ್ಟಿಲು ಹತ್ತಿದ್ದು ಯಾವಾಗ ಎಂದು ಲೆಕ್ಕ ಹಾಕಿದೆ. ನನ್ನ ಮದುವೆಯ ಆಮಂತ್ರಣ ಕೊಡಲು ಹೋಗಿದ್ದೆ. ಈಗ ನನ್ನ ಮಗಳಿಗೆ ಇಪ್ಪತ್ತೊಂದು.

ಆ ಹುಡುಗನ ಪ್ರಶ್ನೆ ಕೇಳಿದ ವಾರವೇ ಹೋದೆ. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ಮನೆಯಲ್ಲಿದ್ದ ಹಳೆಯ ಫೋಟೋ ಒಂದನ್ನು ತೆಗೆದುಕೊಂಡೆ. ಅದರಲ್ಲಿ ಅವರು ಕೆಸರು ಮೆತ್ತಿದ ಯೆಜ್ದಿಯ ಪಕ್ಕ ಬಹುಮಾನದ ಕಪ್ ಹಿಡಿದು ನಿಂತಿದ್ದಾರೆ. ಜಗಲಿಯಲ್ಲಿ ಕುಳಿತಿದ್ದವರು ಕಣ್ಣು ಕಿರಿದು ಮಾಡಿ ನೋಡಿ, "ಓ, ನೀನಾ ಮಗ? ದಾರಿ ತಪ್ಪಿತಾ?" ಎಂದರು. ಮಾತಿನಲ್ಲಿ ಮುನಿಸಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಫೋಟೋ ಕೊಟ್ಟೆ. ಕಪ್‌ನ ವಿಷಯ, ಓಟದ ವಿಷಯ ಹೇಳುತ್ತಾರೆಂದು ಕಾದೆ. ಅವರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಂತರ ಮೂಲೆಯೊಂದರ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಪೆಟ್ರೋಲ್ ಡಬ್ಬ ಹಿಡಿದು ನಿಂತಿರುವುದು ನೀನಲ್ಲವಾ?"

ಇಷ್ಟು ವರ್ಷ ನನ್ನ ಬಳಿಯಿದ್ದ ಆ ಫೋಟೋದಲ್ಲಿ ನಾನಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಕಾಫಿ ಬಂತು. ಮೆಣಸಿನ ಬೆಲೆ, ಆನೆಗಳ ಕಾಟ, ಕೆಲಸದವರು ಸಿಗದಿರುವುದು, ಹೀಗೆ ಮಾತು ಸಾಗಿತು. ಮೆಟ್ಟಿಲು ಇಳಿಯಲು ಒಬ್ಬರು ಕೈ ಹಿಡಿಯಬೇಕಾದ್ದರಿಂದ ನಾಪೋಕ್ಲು ಸಂತೆ ನೋಡದೆ ಎರಡು ವರ್ಷವಾಯಿತೆಂದು ಹೇಳಿದರು. ಮುಂದಿನ ವಾರ ಜೀಪು ತರುತ್ತೇನೆ ಅಣ್ಣ, ಒಟ್ಟಿಗೆ ಹೋಗೋಣ ಎಂದೆ. ಅವರು ಸ್ವಲ್ಪ ಯೋಚಿಸಿ, "ಬರುತ್ತೇನೆ. ಆದರೆ ಇಳಿಜಾರಿನಲ್ಲಿ ನಿಧಾನ ಓಡಿಸಬೇಕು" ಎಂದರು.