ಗೆಲ್ಲೋ ಕುದುರೆ ಯಾವುದು ಅಂತ ಗೊತ್ತಿದ್ದರೆ?

ಕೂತ್ಕೊಳ್ಳಿ. ಯೋಹಾನ 19ನೇ ಅಧ್ಯಾಯ, 23 ಮತ್ತು 24ನೇ ವಚನ ತೆಗೆಯಿರಿ. ಬೆರಳು ಅಲ್ಲೇ ಇಟ್ಕೊಂಡಿರಿ, ಆಮೇಲೆ ಅಲ್ಲಿಗೆ ಬರ್ತೀನಿ.

ಮೂರು ವಾರದ ಹಿಂದೆ ಕಾಣಿಕೆ ಎಣಿಸುವಾಗ ಒಂದು ಕವರ್ ಸಿಕ್ಕಿತು. ಮೇಲೆ ‘ದಶಮಾಂಶ’ ಅಂತ ಬರೆದಿತ್ತು. ಒಳಗೆ 940 ರೂಪಾಯಿ, ಜೊತೆಗೆ ಒಂದು ಚೀಟಿ. ‘ಪಾಸ್ಟರ್, ಶನಿವಾರ ರೇಸಲ್ಲಿ 9,400 ಬಂತು. ಉಪವಾಸ ಇದ್ದು ಪ್ರಾರ್ಥನೆ ಮಾಡಿ ಆರಿಸಿದ ಕುದುರೆ. ದೇವರಿಗೆ ಸ್ತೋತ್ರ.’ ಬರೆದವನು ನಮ್ಮ ಸಭೆಯ ಒಬ್ಬ ಯೌವನಸ್ಥ. ಅವನನ್ನು ಕೇಳಿಯೇ ಈ ವಿಷಯ ಹೇಳ್ತಿದ್ದೀನಿ. ಹೆಸರು ಹೇಳಲ್ಲ, ಯಾರೂ ಆ ಕಡೆ ಈ ಕಡೆ ನೋಡಬೇಡಿ.

ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಆ ತಿಂಗಳು ಈ ಹಾಲ್‌ನ ಬಾಡಿಗೆ ಬಾಕಿ ಇತ್ತು. ಸುಮ್ಮನೆ ಡಬ್ಬಿಗೆ ಹಾಕಿಬಿಡೋಣ ಅಂತ ಒಂದು ನಿಮಿಷ ಅನ್ನಿಸಿತು. ಹಾಕಲಿಲ್ಲ, ಅವನಿಗೆ ಫೋನ್ ಮಾಡಿದೆ.

ಅವನು ತಯಾರಾಗೇ ಬಂದಿದ್ದ. “ಪಾಸ್ಟರ್, 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸೋ ಕಾನೂನು ಬಂತು. ಅವತ್ತೇ ಆ್ಯಪ್ ಡಿಲೀಟ್ ಮಾಡಿದೆ. ಆದರೆ ಟರ್ಫ್ ಕ್ಲಬ್ ಒಳಗೆ ಹೋಗಿ ಟಿಕೆಟ್ ತಗೊಳ್ಳೋದು ಕಾನೂನಿಗೆ ವಿರೋಧ ಅಲ್ಲ. ತಮಿಳುನಾಡು 1974ರಲ್ಲಿ ರೇಸ್ ನಿಲ್ಲಿಸೋ ಕಾನೂನು ಮಾಡಿತ್ತು. ಆ ಕೇಸಲ್ಲಿ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಅಂತ. ಬೈಬಲ್‌ನಲ್ಲೂ ಬೆಟ್ ಕಟ್ಟಬೇಡ ಅನ್ನೋ ಆಜ್ಞೆ ಇಲ್ಲ. ನಾನು ಕಷ್ಟಪಟ್ಟು ಓದಿ ಕುದುರೆ ಆರಿಸ್ತೀನಿ. ಇದರಲ್ಲಿ ತಪ್ಪೇನು?”

ಪ್ರಿಯರೇ, ಅವನು ಹೇಳಿದ ತೀರ್ಪು ನಿಜ, ಅಂಥ ಆಜ್ಞೆ ಇಲ್ಲ ಅನ್ನೋದೂ ನಿಜ. ಆದ್ದರಿಂದ ‘ಅದು ಪಾಪ, ಬಿಟ್ಟುಬಿಡು’ ಅಂತ ಒಂದೇ ಮಾತಲ್ಲಿ ಮುಗಿಸೋಕೆ ನನಗೆ ಮನಸ್ಸಾಗಲಿಲ್ಲ. ಇನ್ನೊಂದು ಕಾರಣವೂ ಇತ್ತು. ಆ ಓದು ಎಂಥದ್ದು ಅಂತ ನನಗೆ ಗೊತ್ತು.

ನಮ್ಮಪ್ಪ ಆಟೋ ಓಡಿಸ್ತಿದ್ರು. ಬೆಂಗಳೂರಲ್ಲಿ ರೇಸ್ ಸೀಸನ್ ಶುರುವಾದರೆ, ರೇಸಿನ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ರೇಸ್ ಬುಕ್ ಬಿಚ್ಚಿ ಕೂರ್ತಿದ್ರು. ಪೆನ್ಸಿಲ್ ಹಿಡಿಯೋ ಕೆಲಸ ನಂದು. ಒಂದೊಂದು ಕುದುರೆಗೂ ನೋಡಬೇಕಾದದ್ದು ಎಷ್ಟೋ ಇರುತ್ತೆ. ಹಿಂದಿನ ಓಟಗಳಲ್ಲಿ ಎಷ್ಟನೇ ಸ್ಥಾನ ಬಂತು? ಅದು 1200 ಮೀಟರ್ ಕುದುರೆಯೋ, 2000 ಮೀಟರ್ ಕುದುರೆಯೋ? ಜಾಕಿ ಯಾರು, ಟ್ರೈನರ್ ಯಾರು? ಯಾವ ಗೇಟಿಂದ ಬಿಡ್ತಾರೆ? ಬೆಳಗಿನ ಪ್ರಾಕ್ಟೀಸಲ್ಲಿ ಎಷ್ಟು ಸೆಕೆಂಡಲ್ಲಿ ಓಡಿತು? ಮಳೆ ಬಂದು ಟ್ರ್ಯಾಕ್ ಮೆತ್ತಗಾಗಿದೆಯಾ? ಎಲ್ಲಕ್ಕಿಂತ ಮುಖ್ಯ, ಬೆನ್ನ ಮೇಲೆ ಭಾರ ಎಷ್ಟು?

ಭಾರದ ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಹ್ಯಾಂಡಿಕ್ಯಾಪ್ ರೇಸಲ್ಲಿ ಜಾಸ್ತಿ ರೇಟಿಂಗ್ ಇರೋ ಕುದುರೆಗೆ ಜಾಸ್ತಿ ಭಾರ ಹೊರಿಸ್ತಾರೆ. ಜಾಕಿಯ ತೂಕ ಸಾಲದೇ ಹೋದರೆ ಸೀಸದ ತುಂಡು ಸೇರಿಸ್ತಾರೆ. ಎಲ್ಲ ಕುದುರೆಗಳೂ ಒಟ್ಟೊಟ್ಟಿಗೆ ಗುರಿ ಮುಟ್ಟೋ ಹಾಗೆ ಆಗಬೇಕು ಅನ್ನೋದೇ ಆ ಲೆಕ್ಕದ ಉದ್ದೇಶ. ಅಂದರೆ ಒಂದು ಕಡೆ ನೀವು ಗೆಲ್ಲೋ ಕುದುರೆ ಯಾವುದು ಅಂತ ಹುಡುಕ್ತಿರ್ತೀರಿ. ಇನ್ನೊಂದು ಕಡೆ ಅದು ಯಾರಿಗೂ ಸುಲಭವಾಗಿ ಗೊತ್ತಾಗದೇ ಇರಲಿ ಅಂತ ಒಬ್ಬ ಜಾಣ ಕೂತು ಭಾರ ಹಂಚಿರ್ತಾನೆ. ಫೇವರಿಟ್ ಅಂತಾರಲ್ಲ, ಅದು ಗೆದ್ದೇ ಗೆಲ್ಲೋ ಕುದುರೆ ಅಲ್ಲ. ಜಾಸ್ತಿ ಜನ ದುಡ್ಡು ಹಾಕಿರೋ ಕುದುರೆ, ಅಷ್ಟೇ. ವೇಗ ಇರೋನಿಗೇ ಓಟದಲ್ಲಿ ಗೆಲುವು ಅಂತ ನಂಬ್ಕೊಂಡಿರೋರು ಪ್ರಸಂಗಿ 9:11ನ್ನು ಮನೆಗೆ ಹೋಗಿ ಓದಿ.

ಇಷ್ಟೆಲ್ಲ ಇದ್ದರೂ ಅಪ್ಪನ ಲೆಕ್ಕ ಚೆನ್ನಾಗಿತ್ತು. ನಾನು ಸೋಲಿನ ಕಥೆ ಹೇಳ್ತೀನಿ ಅಂದ್ಕೊಂಡ್ರಿ ಅಲ್ವಾ? ನಾನು ಹೇಳೋದು ಗೆದ್ದ ದಿನದ ಕಥೆ.

ಅವತ್ತು ಅಪ್ಪ ಆರಿಸಿದ ಕುದುರೆ ಗೆದ್ದಿತು. ಬಿರಿಯಾನಿ ತಂದರು, ನನ್ನ ತಂಗಿಗೆ ಫ್ರಾಕ್ ತಂದರು. ನಮ್ಮ ವಠಾರದಲ್ಲಿ ಪೇಂಟ್ ಕೆಲಸ ಮಾಡೋ ಒಬ್ಬ ಅಂಕಲ್ ಇದ್ರು. ಅಪ್ಪನ ಜೊತೆಯಲ್ಲೇ ಹೋಗಿದ್ರು, ಅದೇ ರೇಸಲ್ಲಿ ಬೇರೆ ಕುದುರೆ ಮೇಲೆ ಕಟ್ಟಿದ್ರು. ನಾವು ಊಟಕ್ಕೆ ಕೂತಾಗ ಅವರ ಹೆಂಡತಿ ಬಾಗಿಲಿಗೆ ಬಂದು, “ಅಕ್ಕಾ, ಎರಡು ಪಾವು ಅಕ್ಕಿ ಇದ್ರೆ ಕೊಡ್ತೀರಾ? ಸೋಮವಾರ ಕೊಡ್ತೀನಿ” ಅಂದರು. ಅಮ್ಮ ಅಕ್ಕಿ ಕೊಟ್ಟರು, ಬಿರಿಯಾನಿಯನ್ನೂ ಒಂದು ಡಬ್ಬಿಗೆ ಹಾಕಿ ಕೊಟ್ಟರು. ಅಪ್ಪ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಯಾಕೆ ಅಂತ ಆಗ ನನಗೆ ಗೊತ್ತಾಗಲಿಲ್ಲ. ಈಗ ಗೊತ್ತು. ಆ ಮನೆಯ ಅಕ್ಕಿಯ ದುಡ್ಡೂ ನಮ್ಮ ತಟ್ಟೆಯಲ್ಲಿತ್ತು.

ಯಾರೂ ಮೋಸ ಮಾಡಿರಲಿಲ್ಲ. ಕುದುರೆ ನ್ಯಾಯವಾಗಿ ಓಡಿತ್ತು, ಅಪ್ಪನ ಲೆಕ್ಕವೂ ಸರಿಯಾಗಿತ್ತು. ಆದರೂ ಅವರು ತಲೆ ಎತ್ತಲಿಲ್ಲ.

ಟೋಟ್ ಹೇಗೆ ನಡೆಯುತ್ತೆ ನೋಡಿ. ಎಲ್ಲರ ದುಡ್ಡೂ ಒಂದೇ ಪೂಲ್‌ಗೆ ಬೀಳುತ್ತೆ. ಕ್ಲಬ್‌ನ ಪಾಲು, ತೆರಿಗೆ ಎಲ್ಲ ಕಳೆದು ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚ್ತಾರೆ. ಕುದುರೆ ಎಷ್ಟೇ ಜೋರಾಗಿ ಓಡಲಿ, ಅದರ ಗೊರಸಿನ ಕೆಳಗಿಂದ ಒಂದು ರೂಪಾಯಿಯೂ ಹೊಸದಾಗಿ ಹುಟ್ಟಲ್ಲ. ನನಗೆ ಬಂದ ಲಾಭದ ಪ್ರತಿಯೊಂದು ರೂಪಾಯಿಯೂ ಇನ್ನೊಬ್ಬರ ಜೇಬಿಂದ ಬಂದಿರಬೇಕು. ಕೌಶಲ ಇದ್ದರೆ ಈ ಮಾತು ಬದಲಾಗುತ್ತಾ? ಇಲ್ಲ. ಕೌಶಲ ಇದ್ದರೆ, ನನಗಿಂತ ಕಮ್ಮಿ ತಿಳಿದವನ ಜೇಬಿಂದ ಬಂತು ಅಂತ ಅರ್ಥ. ಕೋರ್ಟ್ ಕೇಳಿದ ಪ್ರಶ್ನೆ ‘ಇದು ಕೌಶಲವೋ ಅದೃಷ್ಟವೋ’ ಅನ್ನೋದು. ಅದು ಕಾನೂನಿನ ಪ್ರಶ್ನೆ. ವಿಶ್ವಾಸಿ ಕೇಳಬೇಕಾದ ಪ್ರಶ್ನೆ ಬೇರೆ. ನಾನು ಗೆದ್ದಾಗ ಅದನ್ನು ಕಟ್ಟಿಕೊಟ್ಟವರು ಯಾರು?

ಜಾನ್ ವೆಸ್ಲಿ ಹಣದ ಬಗ್ಗೆ ಮಾಡಿದ ಪ್ರಸಂಗದಲ್ಲಿ ದುಡಿಮೆಯನ್ನು ತಡೆಯಲಿಲ್ಲ, ಚೆನ್ನಾಗಿ ಸಂಪಾದಿಸಿ ಅಂತಾನೇ ಹೇಳಿದರು. ಆದರೆ ನೆರೆಯವನಿಗೆ ಪೆಟ್ಟಾಗದ ಹಾಗೆ ಸಂಪಾದಿಸಬೇಕು ಅಂತ ಗೆರೆ ಎಳೆದರು. ಇಲ್ಲಿ ಕೂತಿರೋ ಕೆಲವರು ‘ಹಾಗಾದರೆ ಶೇರ್ ಮಾರ್ಕೆಟ್?’ ಅಂತ ಕೇಳ್ತೀರಿ. ಕಂಪನಿ ಏನೋ ತಯಾರಿಸುತ್ತೆ, ಬೆಳೆಯುತ್ತೆ, ಶೇರ್ ಇಟ್ಟುಕೊಂಡವರೆಲ್ಲ ಒಟ್ಟಿಗೆ ಲಾಭ ಪಡೆಯೋಕೆ ಸಾಧ್ಯ ಇದೆ. ಆದರೆ ದಿನವಿಡೀ ಎಫ್ ಆ್ಯಂಡ್ ಒ ಆಡೋರು ತಮ್ಮನ್ನು ತಾವೇ ಕೇಳ್ಕೊಳ್ಳಿ. ಸೆಬಿ 2024ರಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ ಅದರಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳ್ಕೊಂಡಿದ್ದಾರೆ.

ಈಗ ಬೆರಳಿಟ್ಟ ಕಡೆಗೆ ಬನ್ನಿ. ಶಿಲುಬೆಯ ಕೆಳಗೆ ಸಿಪಾಯಿಗಳು ಕೂತಿದ್ದಾರೆ. ಬಟ್ಟೆಯನ್ನು ಪಾಲು ಮಾಡ್ಕೊಂಡರು. ಹೊಲಿಗೆ ಇಲ್ಲದ ಅಂಗಿಯನ್ನು ಹರಿದು ಹಾಳು ಮಾಡೋದು ಬೇಡ ಅಂತ ಚೀಟು ಹಾಕಿದರು. ಅವರವರ ನಡುವೆ ಪೂರ್ತಿ ನ್ಯಾಯ, ಒಬ್ಬರಿಗೊಬ್ಬರು ಮೋಸ ಇಲ್ಲ. ಆದರೆ ಆ ಅಂಗಿ ಯಾರದ್ದು ಅಂತ ಒಬ್ಬನೂ ತಲೆ ಎತ್ತಿ ನೋಡಲಿಲ್ಲ.

ಚೀಟೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಪೊಸ್ತಲರ ಕೃತ್ಯಗಳು 1:26ರಲ್ಲಿ ಶಿಷ್ಯರೂ ಚೀಟು ಹಾಕಿದರು. ಮತ್ತೀಯನ ಹೆಸರು ಬಂತು. ಅವನಿಗೆ ಸಿಕ್ಕಿದ್ದೇನು? ಒಂದು ಸೇವೆ, ಒಂದು ಹೊಣೆ. ಅವನಿಗೆ ಚೀಟು ಬಿದ್ದದ್ದರಿಂದ ಯಾರ ಮೈಮೇಲಿನ ಬಟ್ಟೆಯೂ ಹೋಗಲಿಲ್ಲ. ಎರಡು ಕಡೆಯೂ ಹಾಕಿದ್ದು ಚೀಟೇ. ಒಂದು ಹೊರೆ ಕೊಟ್ಟಿತು, ಇನ್ನೊಂದು ಇನ್ನೊಬ್ಬನದನ್ನು ಕಿತ್ಕೊಂಡಿತು.

“ಆದರೆ ಪಾಸ್ಟರ್, ಉಪವಾಸ ಮಾಡಿದೆ, ಕುದುರೆ ಗೆದ್ದಿತಲ್ಲ?” ಅಂದ ಆ ತಮ್ಮ. ನಾನು ಕೇಳಿದೆ, “ಬೇರೆ ಕುದುರೆ ಮೇಲೆ ಕಟ್ಟಿ ಪ್ರಾರ್ಥನೆ ಮಾಡಿದ ವಿಶ್ವಾಸಿ ಆ ಗ್ಯಾಲರಿಯಲ್ಲಿ ಒಬ್ಬನೂ ಇರಲಿಲ್ಲ ಅಂತೀಯಾ?” ಅಂದ್ಕೊಂಡದ್ದು ಆಯಿತು ಅನ್ನೋದು ದೇವರ ಸಹಿ ಅಲ್ಲ. 73ನೇ ಕೀರ್ತನೆಯಲ್ಲಿ ಆಸಾಫ ಇದೇ ಗೊಂದಲದಲ್ಲಿ ಜಾರಿಬೀಳೋದರಲ್ಲಿದ್ದ, ತಪ್ಪು ದಾರಿಯವರು ಚೆನ್ನಾಗಿದ್ದಾರಲ್ಲ ಅಂತ. ಪವಿತ್ರಾತ್ಮನ ವರಗಳನ್ನು ನಂಬೋ ಸಭೆ ನಮ್ಮದು. ಅದಕ್ಕೇ ನಾವು ಇನ್ನೂ ಜಾಸ್ತಿ ಹುಷಾರಾಗಿರಬೇಕು. ನಮ್ಮ ತಂದೆಯನ್ನು ಟಿಪ್ಸ್ ಕೊಡೋ ಏಜೆಂಟ್ ಮಾಡ್ಕೊಳ್ಳಬಾರದು.

ಇನ್ನು ಕವರ್ ವಿಷಯ. ‘ಇದು ಪಾಪದ ದುಡ್ಡು, ತಗೊಂಡು ಹೋಗು’ ಅಂದಿದ್ದರೆ ನನ್ನ ಕೈ ಕ್ಲೀನ್ ಆಗಿರ್ತಿತ್ತು. ಮತ್ತಾಯ 27ರಲ್ಲಿ ಯಾಜಕರು ಮಾಡಿದ್ದು ಅದನ್ನೇ. ಯೂದನ ದುಡ್ಡು ಬೊಕ್ಕಸಕ್ಕೆ ಬೇಡ ಅಂದರು, ಯೂದ ಎಲ್ಲಿಗೆ ಹೋದ ಅಂತ ಮಾತ್ರ ಯಾರೂ ಕೇಳಲಿಲ್ಲ. ನನಗೆ ಆ ಯಾಜಕರ ಸಾಲಲ್ಲಿ ನಿಲ್ಲೋದು ಬೇಡವಾಗಿತ್ತು.

ಟೀ ಅಂಗಡಿಗೆ ಕರ್ಕೊಂಡು ಹೋದೆ. ಅದೇ ಕವರ್ ಹಿಂದೆ ನವೆಂಬರ್‌ನಿಂದ ಕಟ್ಟಿದ್ದೆಲ್ಲ ಬರಿ ಅಂದೆ. ಗೆದ್ದದ್ದು 9,400. ಸೋತದ್ದು 31,000ದ ಹತ್ತಿರ. ಅದರಲ್ಲಿ 12,000 ಪಿಜಿಯ ರೂಮ್‌ಮೇಟ್ ಹತ್ತಿರ ಮಾಡಿದ ಸಾಲ. ಬರೆದು ಮುಗಿಸಿ ಸುಮಾರು ಹೊತ್ತು ಸುಮ್ಮನಿದ್ದ. “ನಾನು ಗೆದ್ದದ್ದು ಯಾರ ದುಡ್ಡೋ ಅವರಿಗೆ ವಾಪಸ್ ಕೊಡೋಣ್ವಾ?” ಅಂತ ಕೇಳಿದ. ಅಲ್ಲಿ ನನಗೆ ಜಕ್ಕಾಯ ನೆನಪಾದ. ಜಕ್ಕಾಯನಿಗೆ ತಾನು ಯಾರಿಂದ ಕಿತ್ಕೊಂಡೆ ಅಂತ ಗೊತ್ತಿತ್ತು, ನಾಲ್ಕರಷ್ಟು ತಿರುಗಿ ಕೊಡ್ತೀನಿ ಅನ್ನೋಕೆ ಆಯಿತು. ಪೂಲ್‌ನಲ್ಲಿ ಸೋತವನ ಹೆಸರು ಟಿಕೆಟ್ ಮೇಲೆ ಇರಲ್ಲ. ವಾಪಸ್ ಕೊಡೋಕೆ ಬಾಗಿಲೇ ಇಲ್ಲ. ಆ ದುಡ್ಡನ್ನು ಅಷ್ಟು ಹಗುರ ಮಾಡೋದೂ ಅದೇ, ಅಷ್ಟು ಅಪಾಯ ಮಾಡೋದೂ ಅದೇ.

ಸಭೆ ಆ 940 ತಗೊಳ್ಳಲಿಲ್ಲ. ಪೂರ್ತಿ 9,400 ರೂಮ್‌ಮೇಟ್‌ಗೆ ಹೋಯಿತು, ಮಿಕ್ಕ 2,600 ಸಂಬಳ ಬಂದಾಗ ಅಂತ ಮಾತಾಯಿತು. ಹಾಲ್ ಬಾಡಿಗೆ ನಾಲ್ಕು ದಿನ ತಡವಾಗಿ ಕಟ್ಟಿದ್ವಿ.

ಮೊನ್ನೆ ಶನಿವಾರ ಅವನಿಂದ ಫೋನ್. “ಪಾಸ್ಟರ್, ರೇಸ್ ಬುಕ್ ಕೊಂಡ್ಕೊಂಡೆ. ನಾಲ್ಕನೇ ರೇಸ್ ಯಾವುದಕ್ಕೆ ಅಂತ ನನಗೆ ಚೆನ್ನಾಗಿ ಗೊತ್ತು.” ಮನೆಗೆ ಬಾ ಅಂದೆ. ಬಂದ, ಊಟ ಮಾಡಿದ್ವಿ. ಸಂಜೆ ಮೊಬೈಲ್‌ನಲ್ಲಿ ರಿಸಲ್ಟ್ ನೋಡಿದ. ಅವನು ಹೇಳಿದ ಕುದುರೆ ಸೋತಿತು ಅಂತ ನಾನು ಹೇಳಿದರೆ ನಿಮಗೆಲ್ಲ ಸಮಾಧಾನ ಆಗ್ತಿತ್ತು. ಆದರೆ ಅದು ಗೆದ್ದಿತು.

“ಗೊತ್ತಿತ್ತು ಪಾಸ್ಟರ್” ಅಂದ. ಕಣ್ಣಲ್ಲಿ ನೀರಿತ್ತು. “ಹೌದು ಕಣಪ್ಪ, ಗೊತ್ತಿತ್ತು. ಇವತ್ತು ಯಾರ ಮನೆಯ ಅಕ್ಕಿಯೂ ನಿನ್ನ ತಟ್ಟೆಗೆ ಬರಲಿಲ್ಲ” ಅಂದೆ.

ಪ್ರಿಯ ಯೌವನಸ್ಥರೇ, ನಮಗಾಗಿ ಒಬ್ಬರು ಬೆಲೆ ಕಟ್ಟಿದ್ದಾರೆ. ಅವರು ತಿಳಿಯದೆ ಸೋತವರಲ್ಲ, ಎಲ್ಲ ತಿಳಿದು ಮನಸಾರೆ ಕೊಟ್ಟವರು. ಅವರ ಅಂಗಿಗೆ ಚೀಟು ಹಾಕಿದವರ ಹಾಗೆ ನಾವು ತಲೆ ತಗ್ಗಿಸಿ ಕೂರೋದು ಬೇಡ. ಎದ್ದು ನಿಲ್ಲಿ. ಈ ವಾರ ನಿಮಗೆ ಬಂದ ಲಾಭ ಯಾವುದೇ ಇರಲಿ, ಅದನ್ನು ಕೈಯಲ್ಲಿ ಹಿಡ್ಕೊಂಡು, ಕಟ್ಟಿದವರು ಯಾರು ಅಂತ ಕರ್ತನ ಮುಂದೆ ಒಂದು ಸಲ ಕೇಳಿ. ಪ್ರಾರ್ಥನೆ ಮಾಡೋಣ. ಆಮೆನ್.