ಕೋತಿಯ ಮೇಲೆ ಯಾವ ಆರೋಪ?

"ಡ್ರಗ್ಸ್ ತಗೊಂಡವನು ತಾನಾಗಿ ಮಾಡಿಕೊಂಡಿದ್ದು. ಅದಕ್ಕೆ ಕೋತಿ ಯಾಕೆ ಸಾಯಬೇಕು?" ಎಂದು ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅದರೊಳಗೆ ಒಂದು ತೀರ್ಪೂ ಅಡಗಿದೆ: ಎಲ್ಲಕ್ಕೂ ವ್ಯಸನಿಯ ನಡತೆಯೇ ಕಾರಣ, ಅಲ್ಲಿಗೆ ಮುಗಿಯಿತು.

ಮುಗಿಯುವುದಿಲ್ಲ. ಕೊಕೇನ್, ಮೆಥಾಂಫೆಟಮಿನ್‌ನಂಥ ಉತ್ತೇಜಕಗಳನ್ನು ಬಳಸುವ ಎಚ್‌ಐವಿ ಸೋಂಕಿತನ ಕಾಯಿಲೆ ಬಿಗಡಾಯಿಸಿದರೆ ಯಾವುದನ್ನು ದೂರಬೇಕು? ಆತ ಮಾತ್ರೆ ತಪ್ಪಿಸಿರಬಹುದು, ನಿದ್ದೆಗೆಟ್ಟಿರಬಹುದು, ಊಟ ಬಿಟ್ಟಿರಬಹುದು, ಜೊತೆಗೆ ಕುಡಿತವೂ ಇರಬಹುದು. ನಮ್ಮ ಐಟಿಯವರ ಭಾಷೆಯಲ್ಲಿ, ಒಂದೇ ರಿಲೀಸ್‌ನಲ್ಲಿ ಹತ್ತು ಬದಲಾವಣೆ ಹೋದ ಮೇಲೆ ಬಗ್ ಯಾವುದರದ್ದು ಎಂದು ಹುಡುಕಿದ ಹಾಗೆ. ಒಂದೊಂದನ್ನೇ ಬಿಡಿಸಿ ನೋಡಬೇಕು. ಮನುಷ್ಯನಿಗೆ ಬೇಕೆಂದೇ ಸೋಂಕು ತಗುಲಿಸಿ ಡ್ರಗ್ಸ್ ಕೊಡುವಂತಿಲ್ಲ. ಹಾಗಾಗಿ ಪ್ರಾಣಿ.

ಎಚ್‌ಐವಿ ಸಾಮಾನ್ಯ ಇಲಿಗೆ ಅಂಟುವುದಿಲ್ಲ. ಮನುಷ್ಯನ ರೋಗನಿರೋಧಕ ಕೋಶಗಳನ್ನು ಇಲಿಯೊಳಗೆ ಸೇರಿಸಬೇಕಾಗುತ್ತದೆ. ರೀಸಸ್ ಕೋತಿಗಾದರೆ ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ಅಂಟುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎಸ್‌ಐವಿ ಇದ್ದ ಕೋತಿಗಳಿಗೆ ಮೆಥಾಂಫೆಟಮಿನ್ ಕೊಟ್ಟಾಗ ಅವುಗಳ ಮಿದುಳಿನಲ್ಲಿ ವೈರಸ್ ಪ್ರಮಾಣ ಹೆಚ್ಚಿತ್ತು. ಆ ಕೋತಿಗಳು ಮಾತ್ರೆ ಮರೆತಿರಲಿಲ್ಲ, ಕೆಟ್ಟ ಸಹವಾಸಕ್ಕೆ ಬಿದ್ದಿರಲಿಲ್ಲ. ಅಂದರೆ ನಡತೆಯನ್ನು ಪಕ್ಕಕ್ಕಿಟ್ಟರೂ ಆ ವಸ್ತು ತನ್ನ ಕೆಲಸ ತಾನು ಮಾಡುತ್ತದೆ.

ನನ್ನನ್ನು ಕಾಡುವುದೂ ಇದೇ. ವ್ಯಸನಿಯ ತಲೆಯ ಮೇಲಿನ ಆರೋಪ ಒಂದಿಷ್ಟು ಇಳಿಸಲು ಏನೂ ಮಾಡದ ಜೀವವೊಂದು ಬೇಕಾಯಿತು.

ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ ಎಂಬ ಸೂತ್ರವನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಕೊಟ್ಟರು. ಒಳ್ಳೆಯದೇ. ಆದರೆ ಪ್ರಯೋಗ ಯಾತಕ್ಕೆ ಎಂಬುದನ್ನು ಅದು ಕೇಳುವುದಿಲ್ಲ. ನಮ್ಮ ದೇಶ ಒಮ್ಮೆ ಕೇಳಿತ್ತು. ಇಲ್ಲಿಂದ ಹೋದ ರೀಸಸ್ ಕೋತಿಗಳು ಅಮೆರಿಕದಲ್ಲಿ ಸೇನೆಯ ವಿಕಿರಣ ಪ್ರಯೋಗಗಳಿಗೆ ಬಳಕೆಯಾದದ್ದು ಹೊರಬಿದ್ದ ಮೇಲೆ, 1978ರಲ್ಲಿ ರಫ್ತನ್ನೇ ನಿಲ್ಲಿಸಿತು. (ನಮ್ಮೂರ ಕಡೆ ತೆಂಗಿನಕಾಯಿ ಕದಿಯುವ ಕೋತಿ ಬೇರೆ ಜಾತಿಯದು, ಅದು ಬಚಾವಾಯಿತು.)

ಈ ಪ್ರಯೋಗಗಳು ಬೇಡವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ "ಮೊದಲು ಚಟ ಬಿಡು, ಆಮೇಲೆ ಬಾ" ಎಂದು ವ್ಯಸನಿಯನ್ನು ಆಸ್ಪತ್ರೆಯ ಬಾಗಿಲಿಂದಲೇ ವಾಪಸು ಕಳಿಸುವ ಸಮಾಜಕ್ಕೆ, ಅವನ ಹೆಸರಿನಲ್ಲಿ ಕೋತಿಗಳನ್ನು ಕೇಳುವ ಹಕ್ಕಿಲ್ಲ. ಇನ್ನು, ಬಂದ ಫಲಿತಾಂಶವನ್ನೇ ಖಚಿತಪಡಿಸಲು ಮತ್ತೆ ಕೋತಿಗಳು ಬೇಕೆಂದರೆ? ಒಂದೇ ಅಧ್ಯಯನವನ್ನು ನಂಬುವುದು ವಿಜ್ಞಾನವಲ್ಲ, ಗೊತ್ತು. ನನ್ನ ಕೆಲಸದಲ್ಲಿ ರೀಟೆಸ್ಟ್ ಎಂದರೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ, ಅಷ್ಟೇ.