ಅಗ್ಗದ ನೂಲು ಮತ್ತು ಅಚೌರ್ಯಾಣುವ್ರತ

ಆನ್‌ಲೈನ್ ರಿಯಾಯಿತಿ ಮಳಿಗೆಗಳಲ್ಲಿ ಹೆಣಿಗೆಯ ನೂಲು ಅಗ್ಗವಾಗಿ ಸಿಗುವುದಕ್ಕೆ ಕಾರಣಗಳು ಹಲವು. ಮೊದಲನೆಯದು ನೂಲಿನ ಜಾತಿ. ‘ಉಲ್ಲನ್’ ಎಂದು ಮಾರಾಟವಾಗುವ ಅಗ್ಗದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ತೂಕದಲ್ಲಿ ಶೇ 85ಕ್ಕೆ ಕಡಿಮೆಯಿಲ್ಲದಷ್ಟು ಅಕ್ರಿಲೋನೈಟ್ರೈಲ್ ಇರುವ, ಪೆಟ್ರೋಲಿಯಂ ಮೂಲದ ಎಳೆ ಇದು. ಅಮೆರಿಕದ ಡ್ಯುಪಾಂಟ್ ಕಂಪನಿ ಇದನ್ನು ಆರ್ಲಾನ್ ಎಂಬ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1950ರಲ್ಲಿ. ಕುರಿ ಮೇಯಿಸುವ, ಉಣ್ಣೆ ಕತ್ತರಿಸುವ, ಜಿಡ್ಡು ತೊಳೆಯುವ ಖರ್ಚು ಇದಕ್ಕಿಲ್ಲ. ಭಾರತದಲ್ಲಿ ಪಂಜಾಬಿನ ಲೂಧಿಯಾನ ಈ ನೂಲಿನ ದೊಡ್ಡ ಕೇಂದ್ರ. ಮಿಲ್ಲಿನಲ್ಲಿ ಉಳಿದ ಕೊನೆಯ ಲಾಟು, ತಯಾರಿ ನಿಂತುಹೋದ ಬಣ್ಣ, ಉಳಿತಾಯವಾದ ಅಂಗಡಿ ಬಾಡಿಗೆ, ಇವೂ ಬೆಲೆಯನ್ನು ಇಳಿಸುತ್ತವೆ. ಈ ಅಗ್ಗದಲ್ಲಿ ಯಾರಿಗೂ ಮೋಸವಿಲ್ಲ. ಆದರೆ ಸುಳ್ಳು ಹೆಸರು, ಕಡಿಮೆ ತೂಕ, ತಪ್ಪಿಸಿದ ಸುಂಕ, ಕೊಡದೆ ಹೋದ ಕೂಲಿ ಕೂಡ ಬೆಲೆಯನ್ನು ಇಳಿಸುತ್ತವೆ. ಮೊಬೈಲಿನ ಪರದೆಯ ಮೇಲೆ ಈ ಎರಡು ಬಗೆಯ ಅಗ್ಗವೂ ಒಂದೇ ಥರ ಕಾಣುತ್ತದೆ.

ಕೇಳಿದ ಬೆಲೆ ಕೊಟ್ಟು ಕೊಂಡವರಿಗೆ ನೂಲಿನ ಹಿಂದಿನ ತಪ್ಪಿನಲ್ಲಿ ಪಾಲಿದೆಯೇ ಎಂಬುದು ಇಲ್ಲಿ ಏಳುವ ಪ್ರಶ್ನೆ. ಇದನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿದ ಪರಂಪರೆಗಳಲ್ಲಿ ಶ್ರಾವಕಾಚಾರ, ಅಂದರೆ ಜೈನ ಗೃಹಸ್ಥರಾದ ಶ್ರಾವಕರ ನಡತೆಯ ಕಟ್ಟಳೆ, ಒಂದು. ಅದನ್ನು ಪಾಲಿಸಬೇಕಾದವರಲ್ಲಿ ವ್ಯಾಪಾರಿಗಳು ಬಹಳ ಮಂದಿ ಇದ್ದುದರಿಂದ, ತಕ್ಕಡಿಯ ಮುಂದೆ ಕುಳಿತವರ ಕಷ್ಟ ಅದಕ್ಕೆ ಗೊತ್ತಿತ್ತು. ಗೃಹಸ್ಥರ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ, ಅಂದರೆ ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಈ ಅರ್ಥವನ್ನಷ್ಟೇ ಹಿಡಿದರೆ ನೂಲು ಕೊಳ್ಳುವವರ ಮೇಲೆ ಯಾವ ಆರೋಪವೂ ನಿಲ್ಲದು: ಮಾರುವವನು ಕೊಟ್ಟ, ಕೊಳ್ಳುವವರು ಹಣ ತೆತ್ತರು. ಆದರೆ ವ್ರತ ಪೂರ್ತಿ ಮುರಿಯದೆಯೂ ಸೋರಿಹೋಗುವ ದಾರಿಗಳಿವೆ. ಅವಕ್ಕೆ ಅತಿಚಾರಗಳೆಂದು ಹೆಸರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಆ ಸೂತ್ರಗಳಿಗೆ ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಬರೆದ ವ್ಯಾಖ್ಯಾನ ಸರ್ವಾರ್ಥಸಿದ್ಧಿ ಇವನ್ನು ಒಂದೊಂದಾಗಿ ವಿವರಿಸುತ್ತದೆ. ಮೊದಲನೆಯದು ಕಳ್ಳನನ್ನು ತಾನೇ ಕಳ್ಳತನಕ್ಕೆ ಹಚ್ಚುವುದು, ಇನ್ನೊಬ್ಬರಿಂದ ಹಚ್ಚಿಸುವುದು ಅಥವಾ ಅವನ ಕೆಲಸಕ್ಕೆ ಸಮ್ಮತಿಸುವುದು. ನೂಲು ಕೊಳ್ಳುವವರಿಗೆ ಅದು ಅಷ್ಟಾಗಿ ತಾಗದು. ಉಳಿದ ನಾಲ್ಕೂ ತಾಗುತ್ತವೆ.

ಪ್ರತಿರೂಪಕವ್ಯವಹಾರವೆಂದರೆ ನಕಲಿಯನ್ನು ಅಸಲಿಯೆಂದು ನಂಬಿಸಿ ನಡೆಸುವ ವ್ಯಾಪಾರ. ಪೂಜ್ಯಪಾದರು ಕೊಡುವ ಉದಾಹರಣೆ ಕೃತಕ ಚಿನ್ನ ಮುಂತಾದವುಗಳದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದೇ ಜಾಗದಲ್ಲಿ ‘ಸದೃಶಸನ್ಮಿಶ್ರ’ವನ್ನು ಇಡುತ್ತದೆ, ಅದು ನೋಡಲು ಒಂದೇ ತೆರನಾದದ್ದನ್ನು ಬೆರೆಸಿ ಮಾರುವುದು. ನೂಲಿನ ವಿಷಯದಲ್ಲಿ ಎರಡನೆಯ ಮಾತೇ ಹೆಚ್ಚು ಹೊಂದುತ್ತದೆ. ಉಣ್ಣೆಗೆ ಅಕ್ರಿಲಿಕ್ ಬೆರೆತರೆ ಕಣ್ಣಿಗೆ ತಿಳಿಯುವುದಿಲ್ಲ, ಕೈಗೂ ಕಷ್ಟವೇ. ತಿಳಿಯಬೇಕಾದರೆ ಸುಡಬೇಕು. ಗೇಣುದ್ದದ ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪದ ಕುಡಿಗೆ ಒಡ್ಡಿದರೆ, ಅಪ್ಪಟ ಉಣ್ಣೆ ಸುರುಟಿಕೊಂಡು, ಕೂದಲು ಸುಟ್ಟ ವಾಸನೆ ಬಿಟ್ಟು, ಉರಿಯಿಂದ ಹೊರತೆಗೆದ ಕೂಡಲೇ ಆರಿಹೋಗುತ್ತದೆ. ಉಳಿದ ಬೂದಿ ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಹೊಗೆಯಾಡುತ್ತಾ ಉರಿದು, ಹೊರತೆಗೆದ ಮೇಲೂ ಉರಿದು, ಕೊನೆಗೆ ಒಡೆಯಲಾಗದ ಕಪ್ಪು ಮಣಿಯಾಗಿ ಕೂರುತ್ತದೆ. ಬೆರಕೆ ನೂಲಿನಲ್ಲಿ ಎರಡೂ ಲಕ್ಷಣಗಳು ಒಟ್ಟಿಗೆ ಬರುತ್ತವೆ. ಈ ಪರೀಕ್ಷೆ ಮನೆಯಲ್ಲೇ ಆಗುವಂಥದ್ದು, ಆದರೆ ನೂಲು ಮನೆಗೆ ಬಂದ ಮೇಲಷ್ಟೇ.

ಅದಕ್ಕೂ ಮೊದಲೇ ಸಿಗುವ ಒಂದು ಸಾಕ್ಷಿಯಿದೆ. ಅದು ಬೆಲೆ. ‘ಕ್ಯಾಶ್ಮೀರ್’ ಎಂಬ ಹೆಸರು ಹೊತ್ತ ಉಂಡೆಗಳು ಇಂಥ ಮಳಿಗೆಗಳಲ್ಲಿ ಅಕ್ರಿಲಿಕ್ಕಿನ ದರಕ್ಕೇ ಬರುತ್ತವೆ. ಲಡಾಖಿನ ಚಾಂಗ್‌ಥಾಂಗಿನಂಥ ಎತ್ತರದ ಚಳಿನಾಡಿನಲ್ಲಿ ಮೇಕೆಯ ಹೊರಗೂದಲಿನ ಅಡಿಯಲ್ಲಿ ಬೆಳೆಯುವ ನವಿರು ತುಪ್ಪಳವೇ ಆ ಉಣ್ಣೆ. ವಸಂತದಲ್ಲಿ ಬಾಚಿ ತೆಗೆದು, ಒರಟು ಕೂದಲನ್ನು ಬೇರ್ಪಡಿಸಿದ ಮೇಲೆ ಒಂದು ಮೇಕೆಯಿಂದ ವರ್ಷಕ್ಕೆ ಸಿಗುವುದು ಸುಮಾರು ಇನ್ನೂರು ಗ್ರಾಂ. ದೊಡ್ಡವರ ಒಂದು ಸ್ವೆಟರಿಗೆ ಎರಡು ಮೂರು ಮೇಕೆಗಳ ಇಡೀ ವರ್ಷದ ಫಸಲು ಬೇಕು. ಅದು ಹೋಟೆಲಿನ ಒಂದು ಊಟದ ಬೆಲೆಗೆ ಬರಲಾರದೆಂಬುದು ಸಾಮಾನ್ಯ ಲೆಕ್ಕ. ‘ನನಗೆ ಗೊತ್ತಿರಲಿಲ್ಲ’ ಎಂಬ ಸಮಾಧಾನ ಇಲ್ಲಿ ಸಡಿಲವಾಗುತ್ತದೆ. ಅಕ್ರಿಲಿಕ್ಕನ್ನು ಅಕ್ರಿಲಿಕ್ ಎಂದೇ ಬರೆದು ಕಡಿಮೆಗೆ ಮಾರಿದರೆ ಆ ಅಗ್ಗದಲ್ಲಿ ಪ್ರಾಮಾಣಿಕತೆಯಿದೆ. ಮೊಮ್ಮಗುವಿಗೆ ಅದರಲ್ಲೇ ಕುಲಾವಿ ಹೆಣೆಯುವ ಅಜ್ಜಿಗೆ ದುಬಾರಿ ಮೆರಿನೊ ಉಣ್ಣೆ ಕೊಳ್ಳುವವರು ನೀತಿ ಹೇಳಬೇಕಾದ್ದಿಲ್ಲ. ಹೆಸರಿಗೂ ಬೆಲೆಗೂ ತಾಳೆಯಾಗದ ಕಡೆ ಮಾತ್ರ ಕೊಳ್ಳುವವರ ಅಜ್ಞಾನ ಪೂರ್ತಿ ಅಜ್ಞಾನವಾಗಿ ಉಳಿಯುವುದಿಲ್ಲ. ಅದರಲ್ಲಿ ತಿಳಿಯಬಾರದೆಂಬ ಆಸೆಯೂ ಸ್ವಲ್ಪ ಸೇರಿರುತ್ತದೆ.

ಹೀನಾಧಿಕಮಾನೋನ್ಮಾನ ಅಳತೆ ತೂಕದ ಮೋಸ. ಕೊಡುವಾಗ ಕಡಿಮೆಯದು, ಕೊಳ್ಳುವಾಗ ಹೆಚ್ಚಿನದು ಎಂದು ಎರಡು ಮಾನಗಳನ್ನು ಇಟ್ಟುಕೊಳ್ಳುವುದು. ನೂಲನ್ನು ತೂಕದ ಲೆಕ್ಕದಲ್ಲಿ ಮಾರುವುದರಲ್ಲೇ ಒಂದು ತೊಡಕಿದೆ. ಸಾಮಾನ್ಯ ಹವೆಯಲ್ಲಿ ಉಣ್ಣೆ ತನ್ನ ಒಣ ತೂಕದ ಶೇ 16ರ ಆಸುಪಾಸು ತೇವವನ್ನು ಹೀರಿಕೊಂಡಿರುತ್ತದೆ. ಅಕ್ರಿಲಿಕ್ ಹೀರುವುದು ಶೇ 2ರಷ್ಟು ಮಾತ್ರ. ಮಂಗಳೂರಿನ ಮಳೆಗಾಲದಲ್ಲಿ ತೂಗಿದ ಉಣ್ಣೆ ಬಳ್ಳಾರಿಯ ಬೇಸಿಗೆಗೆ ಹೋದರೆ ಯಾರೂ ಕದಿಯದೆಯೇ ಹಗುರವಾಗುತ್ತದೆ. ಹೆಣೆಯುವವರಿಗೆ ಬೇಕಾಗಿರುವುದು ಉದ್ದ. ನೂರು ಗ್ರಾಂ ಸಪೂರ ನೂಲು 400 ಮೀಟರ್ ಬರಬಹುದು, ದಪ್ಪ ನೂಲು 200 ಮೀಟರನ್ನೂ ಮುಟ್ಟದಿರಬಹುದು. ‘ಆರು ಉಂಡೆಗಳ ಪ್ಯಾಕ್’ ಎಂದಷ್ಟೇ ಬರೆದು ಗ್ರಾಮನ್ನೂ ಮೀಟರನ್ನೂ ಮುಚ್ಚಿಡುವುದು ಸುಳ್ಳು ತಕ್ಕಡಿಯಲ್ಲ ನಿಜ. ಅಲ್ಲಿ ತಕ್ಕಡಿಯೇ ಇಲ್ಲ.

ವಿರುದ್ಧರಾಜ್ಯಾತಿಕ್ರಮಕ್ಕೆ ಪೂಜ್ಯಪಾದರು ಕೊಡುವ ವಿವರಣೆ ಇಂದಿನ ಸಣ್ಣ ಪಾರ್ಸೆಲ್ ವ್ಯಾಪಾರವನ್ನು ನೋಡಿಯೇ ಬರೆದಂತಿದೆ. ಬೆಲೆಬಾಳುವ ವಸ್ತು ಅಲ್ಲಿ ಕಡಿಮೆಗೆ ಸಿಗುತ್ತದೆಂದು ವಿರೋಧದಲ್ಲಿರುವ ರಾಜ್ಯದಿಂದ, ಉಚಿತ ನ್ಯಾಯವನ್ನು ಬಿಟ್ಟ ದಾರಿಯಲ್ಲಿ ಪಡೆಯಲು ಯತ್ನಿಸುವುದು ಅದರ ತಾತ್ಪರ್ಯ. ವಿದೇಶದಿಂದ ಬರುವ ₹5,000 ಒಳಗಿನ ಉಡುಗೊರೆಗಳಿಗೆ ಭಾರತದಲ್ಲಿ ಸುಂಕವಿರಲಿಲ್ಲ. ಮಾರಿದ ಸರಕನ್ನೇ ‘ಉಡುಗೊರೆ’ ಎಂದು ಬರೆದು ಕಳಿಸುವ ಚಾಳಿ ಬೆಳೆದ ಮೇಲೆ, 2019ರ ಡಿಸೆಂಬರ್‌ನಲ್ಲಿ ಸರ್ಕಾರ ರಾಖಿ ಮತ್ತು ಜೀವರಕ್ಷಕ ಔಷಧಗಳನ್ನು ಬಿಟ್ಟು ಆ ಸವಲತ್ತನ್ನು ತೆಗೆದುಹಾಕಿತು. 2020ರಲ್ಲಿ ಚೀನಾ ಮೂಲದ ಹಲವು ಮಾರಾಟದ ಆ್ಯಪ್‌ಗಳು ನಿಷೇಧಕ್ಕೊಳಗಾದವು. ಅಮೆರಿಕಕ್ಕೆ ಚೀನಾದಿಂದ 800 ಡಾಲರ್‌ವರೆಗಿನ ಪಾರ್ಸೆಲ್ ಸುಂಕವಿಲ್ಲದೆ ಬರುತ್ತಿದ್ದುದು 2025ರ ಮೇ 2ರವರೆಗೆ. ಸುಂಕವಿಲ್ಲದೆ ಬಂದ ಈ ಎರಡು ಬಗೆಯ ಪಾರ್ಸೆಲ್‌ಗಳನ್ನು ಒಂದೇ ಎನ್ನಲಾಗದು. ಕಾನೂನು ತೆರೆದಿಟ್ಟ ಬಾಗಿಲಿನಿಂದ ಬಂದ ಅಗ್ಗ ಅತಿಕ್ರಮವಲ್ಲ. ‘ಉಡುಗೊರೆ’ ಎಂಬ ಸುಳ್ಳು ಚೀಟಿ ಅಂಟಿಸಿಕೊಂಡು ಬಂದದ್ದು ಅತಿಕ್ರಮ, ಚೀಟಿ ಅಂಟಿಸಿದವರು ಯಾರೇ ಆಗಿರಲಿ.

ತದಾಹೃತಾದಾನ ಎಲ್ಲಕ್ಕಿಂತ ಬಿಗಿಯಾದದ್ದು. ತಾನು ಹಚ್ಚಿಲ್ಲ, ಸಮ್ಮತಿಸಿಯೂ ಇಲ್ಲ. ಆದರೂ ಕಳ್ಳ ತಂದದ್ದನ್ನು ಸ್ವೀಕರಿಸಿದರೆ ಅದು ಅತಿಚಾರ. ದುಡಿದವರಿಗೆ ಸಲ್ಲಬೇಕಾದ ಕೂಲಿಯನ್ನು ಉಳಿಸಿಕೊಂಡು ತಯಾರಾದ ನೂಲು ಈ ಮಾತಿನ ವ್ಯಾಪ್ತಿಗೆ ಬರುತ್ತದೆಯೇ ಎಂಬುದೇ ಇಲ್ಲಿನ ಚರ್ಚೆ. ಹತ್ತಿ ನೂಲಿನಲ್ಲಿ ಇದು ಕಾಗದದ ಮೇಲಿನ ತರ್ಕವಾಗಿ ಉಳಿದಿಲ್ಲ. ಜಗತ್ತಿನ ಹತ್ತಿಯಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಬೆಳೆಯುವುದು ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ. ಅಲ್ಲಿ ಬಲವಂತದ ದುಡಿಮೆಯಿದೆ ಎಂಬ ಆರೋಪವನ್ನು ಚೀನಾ ಅಲ್ಲಗಳೆಯುತ್ತದೆ. ಅಮೆರಿಕ 2022ರ ಜೂನ್‌ನಿಂದ ಜಾರಿಗೆ ತಂದ ಕಾನೂನಿನ ಪ್ರಕಾರ, ಆ ಪ್ರಾಂತ್ಯದ ಸರಕು ಬಲವಂತದ ದುಡಿಮೆಯದಲ್ಲವೆಂದು ಆಮದು ಮಾಡುವವರೇ ಸಾಬೀತುಪಡಿಸಬೇಕು. ಭಾರತದ 2020ರ ಇ-ಕಾಮರ್ಸ್ ನಿಯಮಗಳು ಅಷ್ಟು ದೂರ ಹೋಗದೆ, ಸರಕು ಯಾವ ದೇಶದ್ದೆಂದು ತಿಳಿಸುವುದನ್ನು ಕಡ್ಡಾಯ ಮಾಡಿವೆ. ದೇಶದ ಹೆಸರು ಹತ್ತಿ ಬಿಡಿಸಿದ ಕೈಯವರೆಗೆ ತಲುಪುವುದಿಲ್ಲ, ಆದರೆ ಕೊಳ್ಳುವವರು ಪ್ರಶ್ನೆ ಕೇಳಲು ಅಷ್ಟಾದರೂ ಹಿಡಿ ಸಿಗುತ್ತದೆ.

ಅಗ್ಗದ ನೂಲಿನ ಹಿಂದಿರುವ ಕೂಲಿಯ ಪ್ರಶ್ನೆಯನ್ನು ಗಾಂಧೀಜಿ ತಮ್ಮದೇ ಸಂಸ್ಥೆಯ ಮೇಲೆ ಹಾಕಿಕೊಂಡಿದ್ದರು. 1925ರಲ್ಲಿ ಹುಟ್ಟಿದ ಅಖಿಲ ಭಾರತ ಚರಕಾ ಸಂಘ ಖಾದಿಯನ್ನು ಅಗ್ಗ ಮಾಡಲು ಹೆಣಗುತ್ತಿತ್ತು, ಆ ಹೆಣಗಾಟದ ಭಾರ ಬೀಳುತ್ತಿದ್ದುದು ನೂಲುವ ಹೆಂಗಸರ ಕೂಲಿಯ ಮೇಲೆ. 1935ರಲ್ಲಿ ಸಂಘ ದಾರಿ ಬದಲಿಸಿತು: ಎಂಟು ಗಂಟೆಯ ಸಮರ್ಥ ದುಡಿಮೆಗೆ ಸಾಕಷ್ಟು ಆಹಾರ, ಬಟ್ಟೆ ದಕ್ಕುವಷ್ಟಾದರೂ ಕೂಲಿ ಸಿಗಬೇಕೆಂದು ಗೊತ್ತುಮಾಡಿತು. ಖಾದಿ ದುಬಾರಿಯಾದರೆ ಕೊಳ್ಳುವವರು ದೂರವಾಗುತ್ತಾರೆಂಬ ಆಕ್ಷೇಪ ಒಳಗಿನವರಿಂದಲೇ ಬಂದಿತ್ತು. ಆ ಆಕ್ಷೇಪ ಹುಸಿಯಾಗಿರಲಿಲ್ಲ. ಆದರೂ ಬೆಲೆಯನ್ನು ಕೊಳ್ಳುವವರ ಶಕ್ತಿಯಿಂದ ಎಣಿಸತೊಡಗುವುದೋ ನೂಲುವವರ ಹೊಟ್ಟೆಯಿಂದ ಎಣಿಸತೊಡಗುವುದೋ ಎಂಬುದನ್ನು ಒಂದು ಸಂಸ್ಥೆ ಇಷ್ಟು ಬಿಚ್ಚಿ ಹೇಳಿದ ಉದಾಹರಣೆಗಳು ಅಪರೂಪ.

ಕಾಣದ ಸರಕಿನ ಕೊಳ್ಳುವಿಕೆಯನ್ನು ಬೇರೆ ಧರ್ಮಶಾಸ್ತ್ರಗಳೂ ವಿಚಾರಿಸಿವೆ. ಇಸ್ಲಾಮಿನ ಹನಫಿ ನ್ಯಾಯಪಂಥದಲ್ಲಿ ನೋಡದೆ ಕೊಂಡವರಿಗೆ, ವಸ್ತುವನ್ನು ಕಂಡ ಮೇಲೆ, ದೋಷವಿಲ್ಲದಿದ್ದರೂ ವ್ಯವಹಾರ ಮುರಿಯುವ ಹಕ್ಕಿದೆ. ಆನ್‌ಲೈನ್ ಮಳಿಗೆಗಳ ಏಳು ಅಥವಾ ಹತ್ತು ದಿನಗಳ ವಾಪಸಾತಿಯ ಅವಧಿ ಇದನ್ನೇ ಹೋಲುತ್ತದೆ. ಆದರೆ ನೂಲಿನ ದೋಷ ನೋಡಿದಾಗ ಸಿಕ್ಕಿಬೀಳುವಂಥದ್ದಲ್ಲ. ಉಂಡೆಯ ಒಳಗಿನ ಗಂಟು ಹೆಣೆಯುವಾಗ ಕೈಗೆ ತಾಗುತ್ತದೆ, ಬಣ್ಣ ಬಿಡುವುದು ಮೊದಲ ಒಗೆತದಲ್ಲಿ ತಿಳಿಯುತ್ತದೆ, ಮೇಲ್ಮೈ ಜುಂಗೇಳುವುದು ನಾಲ್ಕಾರು ಬಾರಿ ತೊಟ್ಟ ಮೇಲೆ. ಆ ಹೊತ್ತಿಗೆ ನೂಲು ನೂಲಾಗಿ ಉಳಿದಿರುವುದಿಲ್ಲ, ಹಿಂದಿರುಗಿಸುವ ಗಡುವೂ ಮುಗಿದಿರುತ್ತದೆ.

ಅಚೌರ್ಯವನ್ನು ದಾಟಿದ ಮೇಲೆ ಐದನೆಯ ವ್ರತವಾದ ಪರಿಗ್ರಹಪರಿಮಾಣ ಎದುರಾಗುತ್ತದೆ. ಗೃಹಸ್ಥರು ತಮ್ಮ ಆಸ್ತಿಗೆ ತಾವೇ ಮುಂಚಿತವಾಗಿ ಹಾಕಿಕೊಳ್ಳುವ ಮಿತಿಯಿದು. ಆ ಪಟ್ಟಿಯಲ್ಲಿ ಭೂಮಿ, ಚಿನ್ನ, ಧಾನ್ಯಗಳ ಜೊತೆ ‘ಕುಪ್ಯ’ವೂ ಇದೆ. ಸರ್ವಾರ್ಥಸಿದ್ಧಿ ಅದರಡಿಯಲ್ಲಿ ನಾರುಬಟ್ಟೆ, ಹತ್ತಿ, ರೇಷ್ಮೆ, ಗಂಧವನ್ನು ಎಣಿಸುತ್ತದೆ. ನೂಲಿನ ಸಂಗ್ರಹ ಅಲ್ಲಿಗೇ ಸೇರಬೇಕು. ಸಮಂತಭದ್ರರು ಇದೇ ವ್ರತದ ದೋಷಗಳಲ್ಲಿ ಅತಿಸಂಗ್ರಹವನ್ನು ಬೇರೆಯಾಗಿ ಹೆಸರಿಸುತ್ತಾರೆ. ಹೆಣೆಯುವವರ ಮನೆಯ ಟ್ರಂಕುಗಳಲ್ಲಿ ಹೆಣೆಯಲಾಗದಷ್ಟು ನೂಲು ತುಂಬುವುದಕ್ಕೆ ಅಗ್ಗದ ಮಾರಾಟವೇ ದೊಡ್ಡ ಕಾರಣ. ‘ಇನ್ನೂರು ರೂಪಾಯಿಯದು ಕೊಂಡರೆ ಸಾಗಣೆ ಉಚಿತ’ ಎಂಬ ಸಾಲು ಮಿತಿಯನ್ನು ಕೊಳ್ಳುವವರ ಕೈಯಿಂದ ಮಾರುವವರ ಕೈಗೆ ದಾಟಿಸುತ್ತದೆ.

ಹೆಚ್ಚು ಕೊಳ್ಳುವುದೆಲ್ಲ ಅತಿಸಂಗ್ರಹವಲ್ಲವೆಂಬುದೂ ನಿಜ. ಒಂದೇ ಬಣ್ಣದ ನೂಲು ಒಂದು ಬಾರಿ ಅದ್ದಿದ ಲಾಟಿನಿಂದ ಇನ್ನೊಂದಕ್ಕೆ ಕೊಂಚ ಬದಲಾಗುತ್ತದೆ. ಅರ್ಧಕ್ಕೆ ನೂಲು ಮುಗಿದು ಬೇರೆ ಲಾಟು ತರಿಸಿದರೆ ಸ್ವೆಟರಿನ ಎದೆಯ ಮೇಲೆ ಅಡ್ಡಗೆರೆ ಮೂಡುತ್ತದೆ. ಹಾಗಾಗಿ ದೊಡ್ಡವರ ಸ್ವೆಟರಿಗೆ ಬೇಕಾದ ಅರ್ಧ ಕಿಲೋವನ್ನು ಒಟ್ಟಿಗೆ, ಒಂದು ಉಂಡೆ ಹೆಚ್ಚೇ ಸೇರಿಸಿ ಕೊಳ್ಳುವುದು ಅಗತ್ಯದ ಲೆಕ್ಕ. ಸೂಜಿಗೆ ಏರಲಿರುವ ಕೆಲಸವೊಂದು ಇಲ್ಲದೆ ಬಂದ ಅರ್ಧ ಕಿಲೋ ಆಸ್ತಿಯ ಲೆಕ್ಕ. ಮಿತಿ ಮೀರಿದ್ದನ್ನು ದಾನಕ್ಕೆ ಬಿಡುವ ದಾರಿ ಶ್ರಾವಕರಿಗೆ ಇದ್ದೇ ಇದೆ, ಆದರೆ ನೂಲಿಗೆ ಅದೂ ಒಂದು ಷರತ್ತು ಹಾಕುತ್ತದೆ: ಒಂದೇ ಲಾಟಿನ ಪೂರ್ತಿ ಉಂಡೆಗಳಾದರೆ ಪಡೆದವರು ಅದರಿಂದ ಉಡುಪು ಮಾಡಿಕೊಳ್ಳಬಹುದು, ಅರೆಬರೆ ಉಂಡೆಗಳಾದರೆ ಕುಲಾವಿಗೋ ಕಾಲುಚೀಲಕ್ಕೋ ಸಾಕಾದೀತು.